ಮೇಷ್ಟ್ರು ಕೊಡದ ನೆಗ್ಗಿಲು ರಸ

ಹೋದ ತಿಂಗಳು ಕೊಂಡ್ಲಹಳ್ಳಿಯಲ್ಲಿ ಬಸ್ಸಿಳಿದು ಹೊಲದ ಬದುವಿನ ಮೇಲೆ ಒಂದಷ್ಟು ದೂರ ನಡೆದಿದ್ದೆ. ಗಿರಾಕಿಯ ಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೋಡಿದರೆ ಅಟ್ಟೆಯ ತುಂಬ ನೆಗ್ಗಿಲು ಮುಳ್ಳು. ಸೀರೆ ಗಂಟು ಪಕ್ಕಕ್ಕಿಟ್ಟು, ಕೂತು ಒಂದೊಂದೇ ಕೀಳುವಾಗ ಹಿಂದೆ ನಮ್ಮ ಎದುರು ಮನೆಯಲ್ಲಿದ್ದ ಮೇಷ್ಟ್ರು ನೆನಪಾದರು.

ಎರಡು ಸಾವಿರದ ಇಸವಿಯ ಆಸುಪಾಸು. ನಾನು ಮೊಳಕಾಲ್ಮುರಿನ ಮಗ್ಗಗಳಿಂದ ರೇಷ್ಮೆ ಸೀರೆ ತಂದು ಚಳ್ಳಕೆರೆಯಲ್ಲಿ ಮನೆಮನೆಗೆ ಹೊತ್ತು ಮಾರುತ್ತಿದ್ದೆ. ನಮ್ಮ ಬಾಡಿಗೆ ಮನೆಯ ಎದುರಿಗೆ ಮೇಷ್ಟ್ರು, ಅವರ ಹೆಂಡತಿ, ಹೆಂಡತಿಯ ತಾಯಿ. ಮೇಷ್ಟ್ರು ಔಷಧಿ ವಿಷಯ ಕಲಿಸುವ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ರಜೆ ಬಂತೆಂದರೆ ಉಳ್ಳಾರ್ತಿ ಕಾವಲಿನ ಹುಲ್ಲು ಬಯಲಿನಿಂದ ಚೀಲದ ತುಂಬ ನೆಗ್ಗಿಲು ತಂದು ಅಂಗಳದಲ್ಲಿ ಒಣಗಿಸುವರು. ಕ್ಯಾನ್ಸರಿಗೆ ಕೊಡುವ ಡ್ರಿಪ್ಪು ಕಿಡ್ನಿಯನ್ನು ಕೆಡಿಸುತ್ತದಂತೆ, ನೆಗ್ಗಿಲು ರಸ ಅದನ್ನು ತಡೆಯುತ್ತದೆಯೇ ಎಂದು ಕಾಲೇಜಿನಲ್ಲಿ ಇಲಿಗಳಿಗೆ ಕುಡಿಸಿ ನೋಡುತ್ತಿದ್ದರು. ಬೀದಿಯವರಿಗೆ ಅದೊಂದು ತಮಾಷೆ.

ಅವರ ಹೆಂಡತಿಗೇ ಆ ಕಾಯಿಲೆ ಬಂದಾಗ ತಮಾಷೆ ನಿಂತಿತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ದಾವಣಗೆರೆಯಲ್ಲಿ ಡ್ರಿಪ್ಪು ಶುರುವಾಯಿತು. ಎರಡನೆಯ ಸಲ ಹಾಕಿಸಿಕೊಂಡು ಬಂದ ಮೇಲೆ ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸೋಲುತ್ತಿರುವುದು ಗೊತ್ತಾಯಿತು. ಇನ್ನೂ ಕೆಟ್ಟರೆ ಈ ಔಷಧಿ ನಿಲ್ಲಿಸಬೇಕಾಗುತ್ತದೆ, ಗಡ್ಡೆಗೆ ಇದರಷ್ಟು ಗಟ್ಟಿ ಬೇರೆ ಇಲ್ಲ ಎಂದರಂತೆ ಡಾಕ್ಟರು.

ಅವರ ಮನೆಯಲ್ಲಿ ನೆಗ್ಗಿಲು ರಸ ಸೀಸೆ ಸೀಸೆ ಇತ್ತು. ಮೇಷ್ಟ್ರು ಕೊಡಲಿಲ್ಲ.

ಅವರ ಅತ್ತೆ ಬೀದಿಗೆ ಕೇಳುವ ಹಾಗೆ ಅಂದರು: "ಇಲಿಗೆ ಕುಡಿಸ್ತಾನೆ, ಹೆಂಡ್ತಿಗೆ ಕೊಡಲ್ವಂತೆ. ನನ್ ಮಗಳು ಇಲಿ ಆಗಿದ್ರೆ ಉಳ್ಕೊಳ್ಳೋಳು."

ಚೌಕಾಸಿಯಲ್ಲಿ ನಾನು ಯಾರಿಗೂ ಸೋತವಳಲ್ಲ. ನೇಯುವವರ ಹತ್ತಿರ ತೆಲುಗಿನಲ್ಲಿ, ಪೇಟೆಯ ಸಾಹೇಬರ ಹತ್ತಿರ ಉರ್ದುವಿನಲ್ಲಿ ಗಿಂಜಾಡಿ ಮೇಲೆ ಬಂದವಳು. ಒಪ್ಪಿಸಿಯೇ ತೀರುತ್ತೇನೆ ಎಂದು ಹೋದೆ.

"ಮೇಷ್ಟ್ರೇ, ಒಂದು ಲೋಟ ಕೊಟ್ಟು ನೋಡ್ರಿ. ಬಂದ್ರೆ ಜೀವ ಬಂತು. ಇಲ್ಲಾಂದ್ರೆ ಏನ್ ಹೋಗುತ್ತೆ?"

"ಏನ್ ಹೋಗುತ್ತೆ ಅನ್ನೋದೇ ಗೊತ್ತಿಲ್ಲ ಕಣ್ರಿ" ಎಂದರು. ನೆಗ್ಗಿಲು ಹರವಿದ್ದ ಚಾಪೆಯ ಅಂಚನ್ನು ಸುಮ್ಮನೆ ಸರಿಮಾಡುತ್ತಿದ್ದರು. "ನನ್ ಇಲಿಗಳಿಗೆ ಗಡ್ಡೆ ಇರ್ಲಿಲ್ಲ. ಚೆನ್ನಾಗಿದ್ದ ಇಲಿಗೆ ಆ ಔಷಧಿ ಕೊಟ್ಟು ಕಿಡ್ನಿ ಕೆಡಿಸಿದ್ದು ನಾವೇ. ರಸ ಕುಡಿದವಕ್ಕೆ ಕಮ್ಮಿ ಕೆಡ್ತು, ಅಷ್ಟೇ ನಾನು ಕಂಡಿದ್ದು. ಇವಳಿಗೆ ಗಡ್ಡೆ ಐತೆ. ಕಿಡ್ನಿ ಕಾಯೋ ರಸ ಗಡ್ಡೇನೂ ಕಾದ್ಬಿಟ್ರೆ? ಡಾಕ್ಟ್ರನ್ನೂ ಕೇಳ್ದೆ. ಬೇಡ, ನೀರು ಕುಡಿಸಿ ಅಂದ್ರು."

ಮಳಿಗೆ ಕಾಯಲೆಂದು ಸಾಕಿದ ನಾಯಿ ಕಳ್ಳನನ್ನೂ ಕಾದರೆ… ನಾನು ವ್ಯಾಪಾರದವಳು, ನನಗೆ ಅರ್ಥವಾಯಿತು.

ನೀರು ಕುಡಿಸುವುದೇ ಕಷ್ಟ. ಒಂದು ಗುಟುಕಿಗೇ ಅಕ್ಕನಿಗೆ ವಾಕರಿಕೆ. ಮೇಷ್ಟ್ರು ಲೋಟ ಹಿಡಿದು ಗೋಗರೆಯುವುದು, ಅವರು ಮುಖ ತಿರುಗಿಸುವುದು. ಇಂಥ ರೋಗಿ ಮನೆಯಲ್ಲಿದ್ದರೆ ಸ್ಟೀಲ್ ಲೋಟ ಎತ್ತಿಡಿ, ಗಾಜಿನದು ಕೊಡಿ. ಆ ಔಷಧಿಗೆ ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಿರುತ್ತದೆ. ಲೋಟ ಬದಲಿಸಿದ ಮೇಲೆ ನಾನು ಗಂಟು ತಂದು ಅವರ ಮಂಚದ ಮೇಲಿಟ್ಟೆ. "ನೋಡಕ್ಕ, ಲೋಟ ಖಾಲಿ ಆದ್ರೆ ಒಂದು ಸೀರೆ ಬಿಚ್ತೀನಿ. ಇಲ್ಲಾಂದ್ರೆ ಗಂಟು ಕಟ್ಕೊಂಡು ಹೋಗ್ತೀನಿ."

ಸೀರೆ ಎಂದರೆ ಅಕ್ಕನಿಗೆ ಪ್ರಾಣ. ಮೂಗು ಹಿಡಿದು ಕುಡಿದರು. ನಾನು ಸೆರಗು ಹರವಿದೆ. ಮತ್ತೊಂದು ಲೋಟ, ಮತ್ತೊಂದು ಸೀರೆ. ಕುಡಿಯುತ್ತ ಕುಡಿಯುತ್ತ ಅವರೂ ಚೌಕಾಸಿ ಕಲಿತರು.

"ಏ, ಇದು ಹಳೇ ಮಾಲು. ಹೋದ್ ವಾರ ತೋರ್ಸಿದ್ದೆ. ಇದಕ್ಕೆ ಅರ್ಧ ಲೋಟಾನೇ."

"ಅಕ್ಕಾ, ಅಂಚು ನೋಡು. ಕೈಯಲ್ಲಿ ನೇಯ್ದಿದ್ದು."

"ಅಂಚು ನೋಡ್ಕೊಂಡು ಮುಕ್ಕಾಲು ಲೋಟ. ಅದಕ್ಕಿಂತ ಒಂದು ಹನೀನೂ ಇಲ್ಲ."

ಬಾಗಿಲಲ್ಲಿ ನಿಂತ ಮೇಷ್ಟ್ರು ನಕ್ಕಿದ್ದನ್ನು ಅದೊಂದು ಸಲ ಮಾತ್ರ ಕಂಡೆ. ಅವರ ಅತ್ತೆ ಮಾತ್ರ ಅಡುಗೆಮನೆಯಿಂದ ಸೀಸೆಗಳನ್ನೇ ನೋಡುತ್ತಿದ್ದರು.

ಮುಂದಿನ ಡ್ರಿಪ್ಪಿಗೆ ಕಿಡ್ನಿ ತಡೆದುಕೊಂಡಿತು. ಅದರ ಮುಂದಿನದಕ್ಕೆ ತಡೆಯಲಿಲ್ಲ. ಆ ಔಷಧಿ ನಿಲ್ಲಿಸಿ ಬೇರೆಯದು ಹಾಕಿದರು, ಅದಕ್ಕೆ ಗಡ್ಡೆ ಜಗ್ಗಲಿಲ್ಲ. ಶೇಂಗಾ ಕೀಳುವ ಕಾಲಕ್ಕೆ ಅಕ್ಕ ಹೋದರು. ಮಣ್ಣು ಮಾಡಿ ಬಂದ ಅಳಿಯನನ್ನು ಅತ್ತೆ ಹೊಸ್ತಿಲಲ್ಲೇ ನಿಲ್ಲಿಸಿ ಕೇಳಿದರು: "ನಿನ್ ಇಲಿಗಳು ಚೆನ್ನಾಗಿದಾವೇನಪ್ಪಾ?"

ಮೇಷ್ಟ್ರು ಕಾಲು ತೊಳೆದುಕೊಂಡು ಒಳಗೆ ಹೋದರು.

ಅವರು ಮನೆ ಖಾಲಿ ಮಾಡುವ ದಿನ ತಡೆಯಲಾಗದೆ ಕೇಳಿದೆ. "ಕೊಟ್ಟಿದ್ರೆ ಉಳೀತಿದ್ರಾ ಮೇಷ್ಟ್ರೇ?"

"ಗೊತ್ತಿಲ್ಲ" ಎಂದರು. ಪೆಟ್ಟಿಗೆಗೆ ಹಗ್ಗ ಬಿಗಿದು, "ಕೊಟ್ಟಿದ್ರೂ ಇದೇ ಹೇಳ್ತಿದ್ದೆ. ಆದ್ರೆ ಆಗ ಅತ್ತೆ ನನ್ ಜೊತೆ ಮಾತು ಬಿಡ್ತಿರ್ಲಿಲ್ಲ…"

ಈಗ ಮೇಷ್ಟ್ರೂ ಇಲ್ಲ. ಎಷ್ಟೋ ವರ್ಷದ ಮೇಲೆ ಯಾರದೋ ಮದುವೆಯಲ್ಲಿ ಸುದ್ದಿ ಸಿಕ್ಕಿತು. ಊಟದ ಎಲೆ ಮುಂದೆ ಕೂತಿದ್ದೆ, ಊಟ ಮಾಡಿದೆ. ರುಚಿ ಹತ್ತಲಿಲ್ಲ.

ನನಗೀಗ ಪೇಟೆಯಲ್ಲಿ ಸ್ವಂತ ಅಂಗಡಿ ಇದೆ, ಹಳೆಯ ಗಿರಾಕಿಗಳ ಮನೆಗೆ ಮಾತ್ರ ಈಗಲೂ ಗಂಟು ಹೊತ್ತು ಹೋಗುತ್ತೇನೆ. ಸೀರೆಗೆ ಬಂದವರು ಮಗಳ ಸಂಬಂಧ, ಸೈಟು, ಮಂಡಿನೋವು ಎಲ್ಲ ಕೇಳುತ್ತಾರೆ, ನಾನೂ ಹೇಳುತ್ತೇನೆ. ಮೊನ್ನೆ ಒಬ್ಬಳು ಬಂದಿದ್ದಳು. ಗಂಡನಿಗೆ ಡ್ರಿಪ್ಪು ನಡೆಯುತ್ತಿದೆಯಂತೆ, ಕಿಡ್ನಿಗೆ ಯಾವುದೋ ಬೇರಿನ ರಸ ಒಳ್ಳೆಯದೆಂದು ಯಾರೋ ಹೇಳಿದ್ದಾರಂತೆ. "ಕೊಡ್ಲಾ ಅಕ್ಕಾ? ನಿಮಗೆ ಎಲ್ಲಾ ಗೊತ್ತಿರುತ್ತೆ."

"ಗೊತ್ತಿಲ್ಲಮ್ಮ" ಎಂದೆ. "ಡ್ರಿಪ್ ಹಾಕೋ ಡಾಕ್ಟ್ರಿಗೆ ಆ ರಸ ತೋರ್ಸು. ಅವರು ಬೇಡ ಅಂದ್ರೆ ಬೇಡ."

ಅವಳ ಮುಖ ಸಪ್ಪಗಾಯಿತು. ಬಿಚ್ಚಿಸಿದ್ದ ಸೀರೆಗಳನ್ನು ಹಾಗೇ ಬಿಟ್ಟು, ಗೊತ್ತು ಎನ್ನುವವರನ್ನು ಹುಡುಕಿಕೊಂಡು ಎದ್ದು ಹೋದಳು.