ಗಿರಿಜತ್ತಿಯ ಖಾಲಿ ಗಾಡಿ

ಮೊಬೈಲು ಸಿಕ್ಕಿಸುವ ಸ್ಟ್ಯಾಂಡನ್ನು ಕಾರಿನ ಗಾಜಿನಿಂದ ಕಿತ್ತಾಗ ಒಂದು ಸದ್ದು ಬರುತ್ತದೆ, ನೀವೂ ಕೇಳಿರಬೇಕು. ಅದರ ರಬ್ಬರಿನ ಬಟ್ಟಲು ಒಲ್ಲದ ಮನಸ್ಸಿನಿಂದ ಗಾಜನ್ನು ಬಿಡುವ ಸದ್ದು. ಸದ್ದು ಅಲ್ಲಿಗೇ ಮುಗಿಯುತ್ತದೆ, ಆದರೆ ಗಾಜಿನ ಮೇಲೆ ಬಳೆಯಷ್ಟು ದುಂಡಗಿನ ಒಂದು ಮಸುಕು ಗುರುತು ಉಳಿಯುತ್ತದೆ. ಇಂದು ಸಂಜೆ ಕೊಲ್ಹಾಪುರದಲ್ಲಿ, ನಾನಿರುವ ಕಟ್ಟಡದ ಕೆಳಗೆ ಗಾಡಿ ನಿಲ್ಲಿಸಿ, ಓಢಣಿಯ ಚುಂಗಿನಿಂದ ಆ ಗುರುತನ್ನು ಒರೆಸುತ್ತಿದ್ದೆ. ಒರೆಸುತ್ತಿದ್ದಂತೆಯೇ ನಗು ಬಂತು. ಈ ಗುರುತು ಒರೆಸುವುದು ಶುದ್ಧ ಹುಚ್ಚುತನವೆಂದು ಗಡಹಿಂಗ್ಲಜದಿಂದ ಇಚಲಕರಂಜಿಯವರೆಗೆ, ದಾರಿಯಲ್ಲಿ ರಾಜ್ಯದ ಗಡಿ ಎರಡು ಸಲ ದಾಟಿ, ಒಮ್ಮೆಯೂ ದಣಿಯದೆ ವಾದಿಸಿದವಳು ನಾನು.

ವಾದ ನನ್ನ ಚಟ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಅದಕ್ಕೆ ಬಹುಮಾನದ ಕಪ್ಪು ಕೊಡುತ್ತಿದ್ದರು. ಮನೆಯಲ್ಲಿ ಅದಕ್ಕೇ ಬೈಯುತ್ತಿದ್ದರು. ಪರವಾಗಿ ಹೇಳೆಂದರೆ ಪರವಾಗಿ, ವಿರುದ್ಧವೆಂದರೆ ವಿರುದ್ಧವಾಗಿ, ಚೀಟಿಯಲ್ಲಿ ಏನು ಬಂದರೆ ಅದನ್ನು ಪ್ರಾಣ ಕೊಟ್ಟು ನಂಬಿದವಳಂತೆ ಮಾತಾಡುತ್ತಿದ್ದೆ. ವೇದಿಕೆ ಇಳಿದ ಮೇಲೆ ನಾನು ನಿಜವಾಗಿ ಏನು ನಂಬುತ್ತೇನೆಂದು ಯಾರಾದರೂ ಕೇಳಿದರೆ ತಡವರಿಸುತ್ತಿದ್ದೆ. ಗೆದ್ದ ಕಪ್ಪುಗಳಲ್ಲಿ ದೊಡ್ಡದನ್ನು ನನ್ನ ಸೋದರತ್ತೆ ಗಿರಿಜಾ ಒಯ್ದು ಅದರಲ್ಲಿ ಗುಂಡಿ, ಹುಕ್ಕು ಹಾಕಿಟ್ಟಿದ್ದಾಳೆ. "ಭಾಳ ಚೊಲೋ ಆತು, ಬಾಯಿ ಅಗಲ ಐತಿ," ಅಂದಿದ್ದಳು. ಕಪ್ಪಿನ ಬಾಯಿಯೋ ನನ್ನದೋ, ಸ್ಪಷ್ಟಪಡಿಸಲಿಲ್ಲ.

ಗಿರಿಜತ್ತಿಗೆ ಗಡಹಿಂಗ್ಲಜದಲ್ಲಿ ಹೊಲಿಗೆಯ ಕಾರಖಾನೆ ಇದೆ. ಕಾರಖಾನೆ ಎಂದರೆ ಮನೆಯ ಹಿಂದಿನ ತಗಡಿನ ಶೆಡ್ಡು, ಸಾಲಾಗಿ ಮಷಿನ್ನು, ಮಷಿನ್ನಿನ ಮುಂದೆ ನೆರೆಯ ಓಣಿಗಳ ಹೆಂಗಸರು. ಇಚಲಕರಂಜಿಯಿಂದ ಬಟ್ಟೆ ತಂದು, ಪರಕರ ಅಂದರೆ ಸೀರೆಯ ಒಳಲಂಗ, ಗೌನು ಹೊಲಿಸಿ, ಸುತ್ತಲಿನ ನೇಸರಿ, ಹಲಕರ್ಣಿ ಊರುಗಳ ಅಂಗಡಿಗಳಿಗೆಲ್ಲ ತಾನೇ ಮುಟ್ಟಿಸುತ್ತಾಳೆ. ಮುಟ್ಟಿಸಲೆಂದೇ ಗಾಡಿ ಕಲಿತಳು. ಮದುವೆಗೆ ಹೋಗುವಾಗಲೂ ಅವಳ ಗಾಡಿಯ ಹಿಂಸೀಟಿನಲ್ಲಿ ಕೂತರೆ ಸೀರೆಗೆ ಹೊಸ ಬಟ್ಟೆಯ ಗಂಜಿಯ ವಾಸನೆ ಹತ್ತುತ್ತದೆ.

ಆ ಗಾಡಿಯಲ್ಲಿ ಓಡುವಾಗ ಎಲ್ಲವೂ ಇರುತ್ತಿತ್ತು. ರಬ್ಬರಿನ ಬಟ್ಟಲಿನಿಂದ ಗಾಜಿಗೆ ಅಂಟಿಸಿದ ಪುಟ್ಟ ಕ್ಯಾಮೆರಾ, ಮೊಬೈಲಿನ ಸ್ಟ್ಯಾಂಡು, ಚಾರ್ಜರು, ಟೈರಿಗೆ ಗಾಳಿ ತುಂಬುವ ಅಂಗೈಯಗಲದ ಪಂಪು. ಗಾಡಿ ನಿಂತಿತೋ, ಅತ್ತಿಯ ಪೂಜೆ ಶುರು. ಕ್ಯಾಮೆರಾ ಕೀಳು, ಸ್ಟ್ಯಾಂಡು ಕೀಳು, ವಾಯರು ಸುತ್ತು, ಎಲ್ಲವನ್ನೂ ಬಟ್ಟೆಯ ಕೈಚೀಲ, ಅವಳ ಪಿಶವಿ, ಅದರೊಳಗೆ ಹಾಕು. ಸೆರಗಿನಿಂದ ಗಾಜಿನ ಮೇಲಿನ ಗುರುತು ಒರೆಸು. ಕೊನೆಗೆ ಮುಂದಿನ ಸೀಟಿನೆದುರಿನ ಖಾನೆಯ ಬಾಗಿಲನ್ನು ತೆರೆದು, ತೆರೆದೇ ಬಿಡು. ಒಳಗೆ ಏನೂ ಇಲ್ಲವೆಂದು ಹೊರಗಿನಿಂದ ಬಗ್ಗಿ ನೋಡಿದವನಿಗೂ ಕಾಣಬೇಕು.

"ಕಳ್ಳಗ ಪ್ರದರ್ಶನಾ ಇಟ್ಟೀಯೇನ?" ಎಂದು ಕೇಳಿದ್ದೆ.

"ಒಳಗ ಏನೈತೋ ಏನೋ ಅಂತ ಪಾಪ ಅಂವ ಯಾಕ ತಲಿ ಕೆಡಸ್ಕೋಬೇಕು?" ಅಂದಳು. "ಗಾಜ ಒಡದು, ಕೈ ಕೊಯ್ಕೊಂಡು, ಖಾಲಿ ಖಾನಿ ನೋಡಿ ಹೋಗೂದಕಿಂತ ಮೊದಲ ನೋಡಿ ಹೋಗಲಿ."

ನಾನು ಪದವಿಯ ಕೊನೆಯ ವರ್ಷದಲ್ಲಿದ್ದಾಗ, ರಜೆಗೆ ಬಂದಿದ್ದ ನನ್ನನ್ನು ಅತ್ತಿ ಇಚಲಕರಂಜಿಗೆ ಜೊತೆಗೆ ಕರೆದಳು. ನಿಪ್ಪಾಣಿ ಬರುವ ಮೊದಲೇ ನಾನು ಮೊಕದ್ದಮೆ ಹೂಡಿಬಿಟ್ಟಿದ್ದೆ. ಕ್ಯಾಮೆರಾ ಇರುವುದು ಗಾಡಿ ಕಾಯಲಿಕ್ಕೆ. ಗಾಡಿ ಒಂಟಿಯಾದ ಕೂಡಲೇ ಅದನ್ನು ಕಿತ್ತು ಜೊತೆಗೆ ಒಯ್ಯುವುದೆಂದರೆ, ನೆನೆದೀತೆಂದು ಕೊಡೆಯನ್ನು ಚೀಲದಲ್ಲಿಟ್ಟು ಮಳೆಯಲ್ಲಿ ನಡೆದ ಹಾಗಾಯಿತು. ಈ ಹೋಲಿಕೆ ನನಗೇ ಬಹಳ ಹಿಡಿಸಿತ್ತು. ಅತ್ತಿ ಕಬ್ಬಿನ ಟ್ರ್ಯಾಕ್ಟರೊಂದನ್ನು ನಿಧಾನವಾಗಿ ಹಿಂದೆ ಹಾಕಿ, ಆಮೇಲೆ ಉತ್ತರ ಕೊಟ್ಟಳು.

"ಗಾಡಿ ಬಂದ ಮಾಡಿದ್ರ ಅದೂ ಬಂದ ಆಗ್ತೈತಿ. ಓಡೂಮುಂದ ಯಾರರ ಹಾಯ್ದ್ರ ನೋಡಾಕ ಐತಿ ಅದು. ನಿಂತ ಮ್ಯಾಲ ಏನ ನೋಡ್ತೈತಿ, ನಿನ್ನ ಮಾರಿ?"

ಹೊಡೆತ ಸರಿಯಾಗಿಯೇ ಬಿತ್ತು. ಆದರೆ ಒಂದು ಅಂಶ ಬಿದ್ದರೆ ಇನ್ನೊಂದನ್ನು ಎತ್ತಬೇಕೆಂದು ನಮಗೆ ಕಲಿಸಿದ್ದರಲ್ಲ. ಇನ್ನೊಂದು ಅಂಶ ಇಚಲಕರಂಜಿಯಲ್ಲಿ ತಾನಾಗಿಯೇ ಎದುರಿಗೆ ಬಂತು.

ಬಟ್ಟೆಯ ಗೋದಾಮು ಒಂದು ಕಿರಿದಾದ ಓಣಿಯಲ್ಲಿತ್ತು. ಎರಡೂ ಬದಿಗೆ ಮಗ್ಗದ ಶೆಡ್ಡುಗಳು. ಮಾತಾಡುವವರು ಕೂಗಿಯೇ ಮಾತಾಡಬೇಕು. ಬಾಗಿಲ ಬಳಿ ಗಾಡಿ ಕಾಯಲು ದತ್ತೂ ಎಂಬ ನಡುವಯಸ್ಸಿನವರಿದ್ದರು. ಹಲಕರ್ಣಿ ಕಡೆಯವರು, ಹೊಸದಾಗಿ ಸೇರಿದ್ದರು. ಆ ಓಣಿಯಲ್ಲಿ ಕನ್ನಡದಲ್ಲಿ ಮಾತಾಡುವ ಗಿರಾಕಿ ಅತ್ತಿಯೊಬ್ಬಳೇ ಆದ್ದರಿಂದ ಅವಳ ಗಾಡಿ ಕಂಡರೆ ಅವರ ಮುಖ ಅರಳುತ್ತಿತ್ತು. ಅಂದು ಅರಳಿದ ಮುಖದ ಹಿಂದೆ ಒಂದು ಚಿಂತೆಯೂ ಇತ್ತು. ಹಿಂದಿನ ತಿಂಗಳು ಯಾವನೋ ವ್ಯಾಪಾರಿಯ ಕಾರಿನಿಂದ ಚಾರ್ಜರು ಹೋಯಿತಂತೆ. ಇನ್ನೊಂದು ಸಲ ಏನಾದರೂ ಹೋದರೆ ಕೆಲಸವೂ ಹೋಯಿತೆಂದು ತಿಳಿ ಎಂದು ಗೋದಾಮಿನ ಮಾಲೀಕರಾದ ಶೇಟ್‌ಜಿ ಹೇಳಿದ್ದಾರಂತೆ. ಮಗಳನ್ನು ಇಲ್ಲೇ ಸಾಲೆಗೆ ಹಾಕಿದ್ದಾರೆ. ಕೆಲಸ ಹೋದರೆ ವರ್ಷದ ನಡುವೆ ಅವಳನ್ನೂ ಕಿತ್ತುಕೊಂಡು ಊರಿಗೆ ಹೋಗಬೇಕು. ಇದನ್ನೆಲ್ಲ ಅವರು ಅತ್ತಿ ಕ್ಯಾಮೆರಾ ಕೀಳುತ್ತಿದ್ದಾಗಲೇ, ಕಿಟಕಿಯ ಬಳಿ ನಿಂತು ಹೇಳಿದರು. ಹೇಳುತ್ತ ಹೇಳುತ್ತ ಅವರ ಕಣ್ಣು ಪಿಶವಿಯ ಮೇಲೆ ಹೋಯಿತು.

"ಇರ್ಲಿ ಬಿಡ್ರಿ ಅಕ್ಕಾ. ನಾ ಇಲ್ಲೇ ಅದೇನಲ್ಲ, ಕಾಯ್ತೇನಿ," ಅಂದರು.

"ಇರ್ಲಿ ದತ್ತೂ ಅಣ್ಣಾ, ರೂಢಿ," ಎಂದು ಅತ್ತಿ ಗುರುತು ಒರೆಸಿದಳು. ಅವರು ಪಕ್ಕಕ್ಕೆ ಸರಿದರು.

ನಾನು ಬಿಟ್ಟೇನೆಯೇ? ಗೋದಾಮಿನ ಮೆಟ್ಟಿಲಲ್ಲೇ ಹಿಡಿದೆ. "ಅತ್ತಿ, ಅವರ ಮಾರಿ ನೋಡಿದೇನ? ಅವರ ಕಣ್ಮುಂದ ಎಲ್ಲಾ ಬಳಕೊಂಡು ಬರೂದಂದ್ರ ಅವರ ಮ್ಯಾಲ ನಂಬಿಗಿ ಇಲ್ಲ ಅಂದಂಗ. ಇದು ಅವಮಾನ."

ಅತ್ತಿ ಪಿಶವಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತಿದಳು. ಎದುರಾಳಿಯ ಮೌನವನ್ನು ಗೆಲುವೆಂದು ಬರೆದುಕೊಳ್ಳುವ ಅಭ್ಯಾಸ ನನ್ನದು, ಬರೆದುಕೊಂಡೆ.

ಒಳಗೆ ಅವಳು ಕೂತದ್ದೇ ಬೇರೆ ಹೆಂಗಸಾದಳು. ಬಟ್ಟೆಯ ದೊಡ್ಡ ಮಡಿಕೆಗಳನ್ನು, ಅಲ್ಲಿನವರು ತಾಗಾ ಅನ್ನುತ್ತಾರೆ, ಒಂದೊಂದಾಗಿ ಬಿಚ್ಚಿಸಿ ಬೆಳಕಿಗೆ ಹಿಡಿದಳು, ಹಿಂಡಿದಳು, ಬೆರಳಿಗೆ ಎಂಜಲು ಹಚ್ಚಿ ಬಣ್ಣ ತಿಕ್ಕಿದಳು. ಪಿಶವಿಯೊಳಗಿಂದ ಚಾಳೀಸು ತೆಗೆದು ಹಾಕಿಕೊಂಡು ದಾರ ನೋಡಿದಳು. ಶೇಟ್‌ಜಿ ಚಹಾ ತರಿಸಿದರು. ಗೋದಾಮಿನಲ್ಲಿ ಕೆಲಸ ಮಾಡುವ ಹೆಂಗಸರು ತಾಗಾಗಳನ್ನು ಮತ್ತೆ ಮಡಚಿ ಗಾಡಿಗೆ ಹೊತ್ತರು. ಬೀಳ್ಕೊಡಲು ಶೇಟ್‌ಜಿ ಬಾಗಿಲವರೆಗೂ ಬಂದರು. ಅತ್ತಿ ಗಾಡಿಯೊಳಗೆ ಕೂತು ಪಿಶವಿಗೆ ಕೈ ಹಾಕಿದಳು. ಸ್ಟ್ಯಾಂಡು ಬಂತು, ಚಾರ್ಜರು ಬಂತು, ಪಂಪು ಬಂತು. ಕ್ಯಾಮೆರಾ ಬರಲಿಲ್ಲ.

"ಕ್ಯಾಮೆರಾ ಇಲ್ಲೇನ?" ಎಂದು ನಾನು ಕೇಳಿದ್ದು ಮಗ್ಗದ ಸದ್ದಿಗೆ ಹೊಂದಿಕೊಂಡ ದನಿಯಲ್ಲಿ. ಶೇಟ್‌ಜಿಗೆ ಕೇಳಿಸಿತು.

"ಏ ದತ್ತೂ, ಇಕಡೇ ಯೇ."

ದತ್ತೂ ಬಂದರು. ಶೇಟ್‌ಜಿ ಮರಾಠಿಯಲ್ಲಿ, ದನಿ ಏರಿಸದೆ, ಹಿಂದಿನ ತಿಂಗಳು ಚಾರ್ಜರು, ಈಗ ಕ್ಯಾಮೆರಾ, ನಾಳೆಯಿಂದ ಬರಬೇಡ ಅಂದರು. ಇಷ್ಟೇ ಮಾತು. ದತ್ತೂ ಅವರ ಕೈಗಳು ತಾವಾಗಿ ಅಂಗಿಯ ಜೇಬುಗಳನ್ನು ಹೊರಗೆ ಎಳೆದು ತೋರಿಸತೊಡಗಿದವು. ಯಾರೂ ತೋರಿಸೆಂದು ಕೇಳಿರಲಿಲ್ಲ.

ಅತ್ತಿ ಗಾಡಿಯಿಂದ ಇಳಿದಳು. "ಶೇಟ್, ಗಾಡೀತ ಕಾಹೀ ನವ್ಹತಂಚ," ಅಂದಳು. ಗಾಡಿಯಲ್ಲಿ ಏನೂ ಇರಲೇ ಇಲ್ಲ.

ಇಂದೊಂದು ದಿನ ಮರೆತು ಬಿಟ್ಟಿರಬಹುದಲ್ಲ ತಾಯಿ ಎಂದರು ಶೇಟ್‌ಜಿ.

ಅತ್ತಿ ಅವರನ್ನು ಮುಂದಿನ ಗಾಜಿನ ಬಳಿ ಕರೆದೊಯ್ದಳು. ಮರೆತಿದ್ದರೆ, ಕದ್ದವನು ಕಿತ್ತುಕೊಂಡಿದ್ದರೆ, ಇಲ್ಲಿ ದುಂಡಗಿನ ಗುರುತು ಇರಬೇಕಿತ್ತು. ನೋಡಿ, ಇಲ್ಲ. ಒರೆಸಿದ ಸೆರಗು ಇದು, ಧೂಳು ಇಲ್ಲಿದೆ. ಆಮೇಲೆ ನನ್ನತ್ತ ಕೈ ಮಾಡಿ ಮರಾಠಿಯಲ್ಲೇ ಅಂದಳು. "ಇನ್ನೂ ಸಂಶೆ ಇದ್ರ ಈಕಿನ್ನ ಕೇಳ್ರಿ. ಅದನ್ನ ಕೀಳೂಮುಂದ ಬಾಜೂಕ ಇದ್ಲು. ಕೀಳಬ್ಯಾಡ ಅಂತ ಮುಂಜಾನಿಂದ ನನ್ನ ತಲಿ ತಿಂದಾಳ."

ನಾನು ಎಷ್ಟೋ ವೇದಿಕೆಗಳ ಮೇಲೆ ಮಾತಾಡಿದ್ದೇನೆ. ಅಲ್ಲಿ ಆಡಿದ ಮಾತಿನ ಮೇಲೆ ಯಾರ ಅನ್ನವೂ ನಿಂತಿರಲಿಲ್ಲ. ಇಲ್ಲಿ ಒಂದೇ ವಾಕ್ಯ ಬೇಕಿತ್ತು. "ಹೌದ್ರಿ, ಕಿತ್ತು ಪಿಶವಿಯೊಳಗ ಹಾಕಿದ್ದನ್ನ ನಾ ನೋಡೇನಿ," ಎಂದೆ. ಗಾಬರಿಯಲ್ಲಿ ಕನ್ನಡದಲ್ಲೇ ಅಂದುಬಿಟ್ಟಿದ್ದೆ. ಮತ್ತೆ ಮರಾಠಿಯಲ್ಲಿ ಹೇಳಿದೆ.

ಶೇಟ್‌ಜಿ ಕೆಟ್ಟವರಲ್ಲ. ಅವರಿಗೆ ಬೇಕಾದದ್ದು ಒಂದು ಉತ್ತರ. ಹಾಗಾದರೆ ಒಳಗೆ ಮಡಚುವ ಹೆಂಗಸರನ್ನು ಕೇಳೋಣ ಎಂದು ತಿರುಗಿದರು. ಅತ್ತಿ ಬಾಗಿಲಿಗೆ ಅಡ್ಡವೇ ನಿಂತಳು. ಪಿಶವಿ ನನ್ನದು, ಕೈ ನನ್ನದು, ಕಳೆದದ್ದು ನನ್ನಿಂದ. ಯಾರನ್ನೂ ಕೇಳಬೇಡಿ ಎಂದಳು. ಆಮೇಲೆ ದತ್ತೂ ಅವರತ್ತ ತಿರುಗಿ, "ಆ ಜೇಬು ಒಳಗ ಹಾಕ್ಕೋರಿ ಅಣ್ಣಾ," ಅಂದಳು.

ಕ್ಯಾಮೆರಾ ಇಲ್ಲದ ಗಾಡಿಯಲ್ಲಿ ಮರಳಿ ಹೊರಟೆವು. ಕಾಗಲ್ ದಾಟಿದ ಕೂಡಲೇ ನಾನು ಶುರು ಮಾಡಿದೆ.

"ಅತ್ತಿ, ಖರೇ ಹೇಳು. ಒಳಗಿನವ್ರು ಯಾರರ ತಗೊಂಡಿದ್ರ?"

"ತಗೊಂಡಿರಬಹುದು. ನಂಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೆಂಗ ಹೇಳ್ಲಿ?"

ಆರೋಪ ಹೊರಿಸುವವನೇ ಪುರಾವೆ ಕೊಡಬೇಕು ಎಂಬುದು ನಮಗೆ ಮೊದಲ ಪಾಠ. ನಾನದನ್ನು ಬಾಯಿಪಾಠವಾಗಿ ಒಪ್ಪಿಸಿದವಳು. ಅದು ಒಬ್ಬ ಮನುಷ್ಯನ ಕೆಲಸ ಉಳಿಸಿದ್ದನ್ನು ಕಣ್ಣಾರೆ ಕಂಡದ್ದು ಅಂದೇ. ಈ ರೂಢಿಯ ಹಿಂದೆ ಯಾವುದೋ ಹಳೆಯ ಕಥೆ ಇರಲೇಬೇಕೆಂದು ಪಟ್ಟು ಹಿಡಿದು ಕೇಳಿದೆ. ಯಾರೋ ಕದ್ದಿರಬೇಕು, ಯಾರೋ ಅತ್ತಿರಬೇಕು.

"ಕಥಿ ಗಿಥಿ ಏನಿಲ್ಲ," ಅಂದಳು. "ಗಾಡಿ ತಗೊಂಡಾಗ ವಿಚಾರ ಮಾಡಿದೆ. ನಾವು ಒಳಗ ಚಾ ಕುಡಕೋತ ಕುಂತಿರ್ತೇವಿ. ಹೊರಗ ಬಿಸಲಾಗ ಒಬ್ಬಾಂವ ನಿಂತಿರ್ತಾನ. ಏನರ ಹೋತಂದ್ರ ಎಲ್ಲಾರೂ ಮೊದಲ ಅವನ ಮಾರಿನ ನೋಡ್ತಾರ. ನಾನೂ ನೋಡ್ತೇನಿ. ನಾ ಏನ ಭಾಳ ದೊಡ್ಡ ಮನಸಿನಾಕಿ ಅಲ್ಲ. ಅದಕ್ಕ ಹಂಗ ನೋಡೂ ಪ್ರಸಂಗನ ಬರಬಾರದಂತ ಈ ಪಿಶವಿ."

"ಮೆಟ್ಟಿಲ ಮ್ಯಾಲ ಕೇಳಿದಾಗ ಇದನ್ನ ಯಾಕ ಹೇಳಲಿಲ್ಲ?"

"ನೀ ಕೇಳಲಿಲ್ಲವಾ. ನೀ ತೀರ್ಪ ಕೊಟ್ಟಿ."

ಕ್ಯಾಮೆರಾ ಸಿಕ್ಕಿತು. ಎರಡು ದಿನ ಬಿಟ್ಟು ಶೆಡ್ಡಿನಲ್ಲಿ ಪರಕರದ ತಾಗಾ ಬಿಚ್ಚಿದಾಗ, ಕತ್ತರಿ ಹಿಡಿದಿದ್ದ ಶೇವಂತಿ, "ಅಕ್ಕಾ, ಈ ತಾಗಾ ನಮ್ಮ ಫೋಟೋ ತಗಿಯಾಕತ್ತೇತಿ ನೋಡ," ಎಂದು ಕೂಗಿದಳು. ಚಾಳೀಸು ತೆಗೆಯುವಾಗ ಅತ್ತಿಯೇ ಅದನ್ನು ಬಿಚ್ಚಿದ ಬಟ್ಟೆಯ ಮೇಲಿಟ್ಟಿದ್ದಳು. ಮಡಿಕೆಯೊಳಗೆ ಸೇರಿ ಗಡಹಿಂಗ್ಲಜಕ್ಕೆ ಬಂದಿತ್ತು. ಹೆಂಗಸರೆಲ್ಲ ಮಷಿನ್ನು ನಿಲ್ಲಿಸಿ ನಕ್ಕರು. ಅತ್ತಿ ನಗಲಿಲ್ಲ, ಮೊದಲು ಫೋನು ಮಾಡಿದಳು. ಶೇಟ್‌ಜಿಗೆ ಮರಾಠಿಯಲ್ಲಿ ತನ್ನ ತಪ್ಪು ಹೇಳಿ, ಫೋನನ್ನು ದತ್ತೂ ಅವರಿಗೆ ಕೊಡಿಸಿ, ಕನ್ನಡದಲ್ಲಿ ಅದನ್ನೇ ಮತ್ತೆ ಹೇಳಿದಳು. ಆ ಕಡೆಯಿಂದ ಮಗ್ಗದ ಸದ್ದಿನ ಮೇಲೆ ಕೂಗಿ ದತ್ತೂ, "ಮುಂದಿನ ಸಲ ಬರ್ರಿ ಅಕ್ಕಾ. ಬೇವಿನ ಗಿಡದ ನೆಳ್ಳಾಗ ಜಾಗಾ ಹಿಡದಿರ್ತೇನಿ," ಅಂದರು.

ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಅತ್ತಿ ಒಮ್ಮೆ ಕಿತ್ತು ಒಮ್ಮೆ ಗಾಡಿಯಲ್ಲೇ ಬಿಡುವವಳಾಗಿದ್ದರೆ, ಅಂದು ಕಿತ್ತದ್ದು ಅವಳಿಗೇ ಖಾತ್ರಿಯಿರದೆ, ತಾಗಾ ಬಿಚ್ಚುವ ಹೊತ್ತಿಗೆ ದತ್ತೂ ಮಗಳ ಕೈಹಿಡಿದು ಹಲಕರ್ಣಿಯ ಬಸ್ಸು ಹತ್ತಿರುತ್ತಿದ್ದರು.

ಅತ್ತಿಯ ಎಲ್ಲವನ್ನೂ ಒಪ್ಪಿದ್ದೇನೆಂದಲ್ಲ. ಖಾನೆಯ ಬಾಗಿಲು ತೆರೆದಿಟ್ಟರೆ ಒಳಗೆಲ್ಲ ಧೂಳು ಕೂರುತ್ತದೆ ಎಂಬ ನನ್ನ ವಾದವನ್ನು ಇವತ್ತಿಗೂ ಬಿಟ್ಟಿಲ್ಲ. ಆದರೂ ಇಂದು ಸಂಜೆ ಗುರುತು ಒರೆಸಿ, ಸ್ಟ್ಯಾಂಡು, ಚಾರ್ಜರು ಪಿಶವಿಗೆ ಹಾಕಿ, ಖಾನೆ ತೆರೆದಿಟ್ಟೆ. ನಮ್ಮ ಕಟ್ಟಡ ಕಾಯುವವರು ನೇಸರಿಯವರು. ನಾನು ಕನ್ನಡದವಳೆಂದು ತಿಳಿದಂದಿನಿಂದ ಮರಾಠಿ ಬಿಟ್ಟಿದ್ದಾರೆ. ಕುರ್ಚಿಯಿಂದ ಎದ್ದು ಬಂದು ಪಿಶವಿ ನೋಡಿದರು.

"ದಿನಾ ಯಾಕ ಇಷ್ಟ ತ್ರಾಸ ತಗೋತೀರಿ ಅಕ್ಕಾರ? ನಾ ಇಲ್ಲೇ ಅದೇನಲ್ಲ."

"ನೀವದೀರಿ ಅಂತನ ತಗಿಯಾಕತ್ತೇನ್ರಿ," ಎಂದೆ.

ಅವರಿಗೆ ಅರ್ಥವಾಗಲಿಲ್ಲ, ಮುಖದಲ್ಲೇ ಕಂಡಿತು. ವಿವರಿಸಬಹುದಿತ್ತು, ಮೂರು ಅಂಶಗಳಲ್ಲಿ, ಉಪಸಂಹಾರ ಸಹಿತ. ನಾನು ಗಾಡಿಗೆ ಕೀಲಿ ಹಾಕಿ ಮೆಟ್ಟಿಲು ಹತ್ತಿದೆ.