ತಿನ್ನದ ಸ್ಟೇಕನ್ನು ಬಿಟ್ಟ ಪುಣ್ಯ

ತ್ಯಾಗ ಮಾಡುವುದರಲ್ಲಿ ನಮ್ಮ ಓಣಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಒಂದು ವರ್ಷ ಮಳೆ ಹಿಡಿದು, ಪೇಟೆಯಿಂದ ಮಾವಿನಹಣ್ಣು ಪೂರ್ತಿ ಮಾಯವಾದ ಮೇಲೆ ಮಾವಿನಹಣ್ಣು ಬಿಟ್ಟೆ. ಇನ್ನೊಂದು ವರ್ಷ ವಿಮಾನ ಪ್ರಯಾಣ ಬಿಟ್ಟೆ. ಬೆಂಡೆಕಾಯಿಯ ಲೋಳೆ ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗದು. ಅದನ್ನೇ ನಾಲ್ಕು ತಿಂಗಳು ಬಿಟ್ಟು ಹಿರಿಯರಿಂದ ಭೇಷ್ ಅನ್ನಿಸಿಕೊಂಡದ್ದೂ ಉಂಟು.

ನಮ್ಮ ಜೈನರಲ್ಲಿ ಹೀಗೆ ಬಿಡುವುದಕ್ಕೊಂದು ಕಾಲವಿದೆ. ಮಳೆಗಾಲದ ನಾಲ್ಕು ತಿಂಗಳು ಮುನಿ ಮಹಾರಾಜರು ಊರೂರು ನಡೆಯದೆ ಒಂದೇ ಕಡೆ ನಿಲ್ಲುತ್ತಾರೆ. ಅವರು ನಮ್ಮ ಬಸದಿಯಲ್ಲಿ ನಿಂತರೆಂದರೆ ಓಣಿಯವರು ಒಬ್ಬೊಬ್ಬರಾಗಿ ಮುಂದೆ ಹೋಗಿ, ಕೈಮುಗಿದು, ಇಷ್ಟವಾದದ್ದೊಂದನ್ನು ಚಾತುರ್ಮಾಸ ಮುಗಿಯುವವರೆಗೆ ಬಿಟ್ಟೆನೆಂದು ನೇಮ ಹಿಡಿಯುತ್ತಾರೆ. 'ಇಷ್ಟವಾದದ್ದೊಂದನ್ನು' ಎಂಬಲ್ಲಿಯೇ ನನ್ನ ಕಾಲು ಜಾರುವುದು.

ನನ್ನ ಅಕ್ಕ ಕುಸುಮ ಹಾಗಲ್ಲ. ಅವಳು ಒಂದು ವರ್ಷ ಬೆಲ್ಲ ಬಿಟ್ಟಳು. ಬೆಲ್ಲವೆಂದರೆ ಅವಳಿಗೆ ಜೀವ. ಇನ್ನೊಂದು ವರ್ಷ ಚಹಾ ಬಿಟ್ಟಳು. ಮೊದಲ ವಾರವಿಡೀ ತಲೆಗೆ ಬಟ್ಟೆ ಕಟ್ಟಿಕೊಂಡು ಓಡಾಡಿದಳು. ನಾನು ಎದುರಿಗೇ ಕುಳಿತು ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಕುಡಿಯುತ್ತಾ, "ಅಕ್ಕಾ, ಈ ಸಲ ನಾ ಬೆಂಡಿಕಾಯಿ ಬಿಟ್ಟೇನಿ ನೋಡು, ಭಾಳ ತ್ರಾಸ ಆಗಾಕತ್ತೈತಿ" ಎನ್ನುತ್ತಿದ್ದೆ.

ನಮ್ಮ ಮನೆಯಲ್ಲಿ ಇರುವವರು ನಾವಿಬ್ಬರೇ. ಭಾವ ತೀರಿಕೊಂಡ ಮೇಲೆ ಅವಳು ಸಾಂಗಲಿಗೆ ನನ್ನ ಬಳಿ ಬಂದಳು. ಹೆಣ್ಣು ಸಿಗುವ ವಯಸ್ಸು ದಾಟಿದ ಮೇಲೆ ನಾನೂ ಅವಳ ಬಳಿಯೇ ಉಳಿದುಕೊಂಡೆ. ಶಾಲೆಯಲ್ಲಿ ಏಳನೇ ಇಯತ್ತೆಯಾಚೆ ನಾನು ಹೋದವನಲ್ಲ. ಪೇಟೆಯಲ್ಲಿ ಅರಿಶಿನ ಪುಡಿ, ಖಾರದ ಪುಡಿ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಆದ್ದರಿಂದ ಧರ್ಮದ ಸೂಕ್ಷ್ಮಗಳೆಲ್ಲ ನನಗೆ ತಿಳಿದಿರುವುದು ಅಂಗಡಿಯ ಕಡೆಯಿಂದಲೇ. ನೆಲದೊಳಗೆ ಬೆಳೆಯುವ ಗಡ್ಡೆಗಳನ್ನು ನಾವು ತಿನ್ನುವುದಿಲ್ಲ. ಬಟಾಟೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ಬೆಳ್ಳುಳ್ಳಿ ಇಲ್ಲ. ಅರಿಶಿನವೂ ಗಡ್ಡೆಯೇ. ಆದರೆ ಒಣಗಿದ ಮೇಲೆ ಅದು ನಡೆಯುತ್ತದೆ, ಶುಂಠಿಯೂ ಹಾಗೆಯೇ. ಹಸಿ ಇದ್ದಾಗ ದೋಷ, ಒಣಗಿದರೆ ಔಷಧ, ಪುಡಿ ಮಾಡಿದರೆ ನನ್ನ ಹೊಟ್ಟೆಪಾಡು. ಇಂಥ ಸಂದುಗಳಲ್ಲಿ ಬದುಕಿದವನು ನೇಮದಲ್ಲೂ ಸಂದು ಹುಡುಕಿದರೆ ಆಶ್ಚರ್ಯವೇನು?

ಹೋದ ಚಾತುರ್ಮಾಸದಲ್ಲಿ ನೇಮ ಹಿಡಿಯುವ ದಿನ ಬಂದಾಗ ನನ್ನ ಬತ್ತಳಿಕೆ ಖಾಲಿಯಾಗಿತ್ತು. ಮಾವು, ವಿಮಾನ, ಬೆಂಡೆ ಎಲ್ಲ ಮುಗಿದಿದ್ದವು. ಸಾಲಿನಲ್ಲಿ ನಿಂತು ಯೋಚಿಸುತ್ತಿದ್ದಾಗ ಮಿರಜಿನ ರಸ್ತೆಯಲ್ಲಿ ಹೊಸದಾಗಿ ತೆರೆದ ಹೋಟೆಲಿನ ಫಲಕ ನೆನಪಾಯಿತು. 'ಸ್ಟೇಕ್, ಜಪಾನಿ ಊಟ, ಡ್ರಿಂಕ್ಸ್' ಎಂದು ದೊಡ್ಡದಾಗಿ ಬರೆದು, ಅದರ ಕೆಳಗೆ ಅಷ್ಟೇ ದೊಡ್ಡದಾಗಿ 'ಶುದ್ಧ ಶಾಕಾಹಾರಿ' ಎಂದು ಬರೆದಿದ್ದರು. ಸ್ಟೇಕೆಂದರೆ ದನದ ಮಾಂಸದ ತುಂಡೆಂದು ಪೇಟೆಯಲ್ಲಿ ಯಾರೋ ಹೇಳಿದ್ದು ಕೇಳಿದ್ದೆ. ಅದು ಶುದ್ಧ ಶಾಕಾಹಾರಿಯಾಗುವುದು ನಮ್ಮ ಸಾಂಗಲಿ ಮಿರಜಿನ ನಡುವೆ ಮಾತ್ರ ಸಾಧ್ಯ. ಅಲ್ಲಿ ಪನೀರಿನ ಸ್ಟೇಕಂತೆ, ಸೌತೆಕಾಯಿಯ ಜಪಾನಂತೆ, ಡ್ರಿಂಕ್ಸೆಂದರೆ ಕೋಕಂ ಸೋಡಾವಂತೆ.

ನನ್ನ ಸರದಿ ಬಂತು. ಕೈಮುಗಿದು, "ಸ್ಟೇಕ್, ಜಪಾನಿ ಊಟ, ಮತ್ತ ಆ ಬಣ್ಣಬಣ್ಣದ ಡ್ರಿಂಕ್ಸ್ ಬಿಟ್ಟೇನ್ರಿ ಮಹಾರಾಜ್" ಎಂದೆ.

ಗಂಡಸರ ಸಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಮಹಾರಾಜರು ಕೇಳಿದರು: "ಹಿಂದ ತಿಂದೀ ಏನು?"

"ಇಲ್ರಿ."

ಅವರೂ ನಕ್ಕು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ನಾನು ಗೆದ್ದವನಂತೆ ಹಿಂದಕ್ಕೆ ತಿರುಗಿದೆ. ಅಷ್ಟರಲ್ಲಿ ಹೆಂಗಸರ ಸಾಲಿನಿಂದ ಅಕ್ಕನ ದನಿ ಕೇಳಿತು: "ನಂದೂ ಅದ ನೇಮ ಇರಲ್ರಿ ಮಹಾರಾಜ್. ತಮ್ಮ ಬಿಟ್ಟದ್ದನ್ನ ನಾನೂ ಬಿಟ್ಟೆ."

ಅಕ್ಕನಿಗೂ ಬುದ್ಧಿ ಬಂತು, ನನ್ನ ಸುಲಭದ ದಾರಿಗೆ ಬಂದಳು ಎಂದು ನಾನು ಒಳಗೊಳಗೇ ಹಿಗ್ಗಿದೆ. ಮನೆಗೆ ಬರುವ ದಾರಿಯಲ್ಲಿ ಹಾಗಂತ ಹೇಳಿಯೂ ಬಿಟ್ಟೆ: "ಛಲೋ ಆತು ಬಿಡಕ್ಕಾ. ಈ ಸಲ ತಲಿಗೆ ಬಟ್ಟಿ ಕಟ್ಟೂ ಕೆಲಸ ಇಲ್ಲ."

ಅವಳು ಸೆರಗು ಸರಿಮಾಡಿಕೊಂಡು, ಮಳೆ ಬರುತ್ತದೆಯೋ ಇಲ್ಲವೋ ಎನ್ನುವಷ್ಟೇ ಸಾದಾ ದನಿಯಲ್ಲಿ, "ನಿನ್ನ ಹುಟ್ಟಿದ ದಿನಕ್ಕ ಅಲ್ಲೇ ಹೋಗೂಣಂತ ಮಾಡಿದ್ದೆ. ಇರಲಿ" ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಂದೊಂದಾಗಿ ತಿಳಿಯುತ್ತಾ ಹೋಯಿತು. ಕಣ್ಣಿನ ತಪಾಸಣೆಗೆಂದು ಮಿರಜಿಗೆ ಹೋಗುವಾಗಲೆಲ್ಲ ಅವಳು ಶೇರ್ ರಿಕ್ಷಾದ ಎಡಬದಿಗೇ ಯಾಕೆ ಕೂರುತ್ತಿದ್ದಳು ಎಂಬುದು ತಿಳಿಯಿತು. ಆ ಹೋಟೆಲು ಎಡಕ್ಕೆ ಬರುತ್ತದೆ. ಸ್ವೆಟರ್ ಹೆಣೆಯುವ ಎರಡು ಸೂಜಿಗಳು ಅಡುಗೆಮನೆಯ ಚುರುಮುರಿ ಡಬ್ಬಿಯ ಪಕ್ಕದಲ್ಲಿ ಯಾಕೆ ಇರುತ್ತಿದ್ದವು ಎಂಬುದೂ ತಿಳಿಯಿತು. ಜಪಾನಿನವರು ಎರಡು ಕಡ್ಡಿ ಹಿಡಿದು ಉಣ್ಣುವುದನ್ನು ಅವಳು ಫೋನಿನಲ್ಲಿ ನೋಡಿದ್ದಳು. ನಾನು ಅಂಗಡಿಗೆ ಹೋದ ಮೇಲೆ ಒಬ್ಬಳೇ ಕುಳಿತು ಸೂಜಿಯಿಂದ ಒಂದೊಂದೇ ಚುರುಮುರಿ ಎತ್ತಿ ಬಾಯಿಗೆ ಹಾಕಿಕೊಂಡು ಕೈ ಪಳಗಿಸಿಕೊಳ್ಳುತ್ತಿದ್ದಳಂತೆ. ಇನ್ನೊಬ್ಬರ ಎದುರಿಗೆ ಊಟದ ಮೇಜಿನಲ್ಲಿ ತಮ್ಮನ ಮಾನ ಹೋಗಬಾರದಲ್ಲ!

ಹೀಗೆ ನಾನು ಗಾಳಿಯನ್ನು ಬಿಟ್ಟೆ, ಅವಳು ಊಟವನ್ನು ಬಿಟ್ಟಳು. ತಮ್ಮ ಒಬ್ಬನೇ ಕಷ್ಟಪಡಬಾರದೆಂದು ಅವಳು ಜೊತೆಗೆ ಬಂದದ್ದು. ತಮ್ಮನಿಗೋ ಕಷ್ಟವೇ ಇರಲಿಲ್ಲ. ಮಹಾರಾಜರ ಬಳಿ ಹೋಗಿ ನೇಮ ಬದಲಾಯಿಸಿಕೊಡಿ ಎಂದು ಕೇಳಬಹುದಿತ್ತು. ಕೇಳಿದರೆ ಮಾವಿನಹಣ್ಣಿನಿಂದ ಹಿಡಿದು ಎಲ್ಲ ಲೆಕ್ಕ ಹೊರಬೀಳುತ್ತದೆಂದು ಸುಮ್ಮನಾದೆ.

ಇಲ್ಲಿಂದ ಮುಂದೆ ನನ್ನ ನಾಲಿಗೆಯ ಕಥೆ. ಬೆಂಡೆಕಾಯಿ ಬಿಟ್ಟಾಗ ಬೆಂಡೆಕಾಯಿ ಕನಸಿನಲ್ಲಿ ಬಂದದ್ದಿಲ್ಲ. ಆದರೆ ಈ ಸ್ಟೇಕು ಬಿಟ್ಟ ಮರುದಿನವೇ ನನ್ನನ್ನು ಹಿಡಿದುಕೊಂಡಿತು. ಗಿರಾಕಿಗೆ ಪುಡಿ ತೂಗುವಾಗ ಅದರ ರುಚಿ ಹೇಗಿರಬಹುದು ಎಂದು ಯೋಚಿಸುತ್ತಿದ್ದೆ. ಕಂಡದ್ದನ್ನು ಬಿಟ್ಟವನಿಗೆ ಒಂದೇ ಪದಾರ್ಥದ ಆಸೆ. ಕಾಣದ್ದನ್ನು ಬಿಟ್ಟವನಿಗೆ ಅದು ಹೇಗೆ ಹೇಗೆಲ್ಲ ಇರಬಹುದೋ ಅಷ್ಟೂ ಪದಾರ್ಥಗಳ ಆಸೆ. ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ, ನನ್ನ ಹೊಟ್ಟೆಯಲ್ಲಂತೂ ಇತ್ತು.

ಆಸೆಗೆ ನಾನೊಂದು ಒಳ್ಳೆಯ ಅಂಗಿ ತೊಡಿಸಿದೆ. ನಾನೇ ಹೋಗಿ ತಿಂದು ನೋಡಬೇಕು. ಅದು ಖಂಡಿತ ಕೆಟ್ಟದಾಗಿರುತ್ತದೆ. 'ಅಕ್ಕಾ, ಏನೂ ರುಚಿಯಿಲ್ಲ, ನೀನು ಕಳೆದುಕೊಂಡದ್ದು ಏನೂ ಇಲ್ಲ' ಎಂದು ಹೇಳಿ ಅವಳಿಗೆ ಸಮಾಧಾನ ಮಾಡಬಹುದು. ನೇಮ ಮುರಿಯುವುದು ನಿಜ, ಆದರೆ ಅಕ್ಕನ ಸಲುವಾಗಿ.

ಪೇಟೆಗೆ ಸೂಟಿ ಇದ್ದ ದಿನ, ಮಾಧವನಗರದಲ್ಲಿ ಮೆಣಸಿನಕಾಯಿ ಕುಟ್ಟಿಸುವುದಿದೆ ಎಂದು ಅಕ್ಕನಿಗೆ ಹೇಳಿ ಮಿರಜಿನ ರಿಕ್ಷಾ ಹತ್ತಿದೆ. ನಾಲ್ಕು ಗಂಟೆಗೇ ಹೋದದ್ದಕ್ಕೆ ಎರಡು ಕಾರಣ. ನಾಲ್ಕರಿಂದ ಕತ್ತಲಾಗುವವರೆಗೆ ಅಲ್ಲಿ ಹ್ಯಾಪಿ ಅವರ್ಸ್: ತಟ್ಟೆಗೆ ಅರ್ಧ ಬೆಲೆ, ಡ್ರಿಂಕ್ಸಿಗೆ ಒಂದಕ್ಕೊಂದು ಫ್ರೀ. ಇನ್ನೊಂದು, ಸೂರ್ಯ ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಒಂದು ನೇಮ ಮುರಿಯುವವನು ಉಳಿದದ್ದನ್ನಾದರೂ ಪಾಲಿಸಬೇಕು. ಒಳಗೆ ಹೋಗಿ ನೋಡಿದರೆ ನನ್ನಂಥವರೇ ತುಂಬಿದ್ದರು. ಯಾರೂ ಬಾರದ ಹೊತ್ತಿಗೆ ಜನರನ್ನು ಸೆಳೆಯಲು ಮಾಲೀಕ ಈ ಉಪಾಯ ಮಾಡಿದ್ದ. ಅವನು ಹೊರಗಿನವನಿರಬೇಕು. ಅರ್ಧ ಬೆಲೆಯ ಹೊತ್ತಿಗೆ ತುಂಬಿ, ಪೂರ್ತಿ ಬೆಲೆಯ ಹೊತ್ತಿಗೆ ಖಾಲಿಯಾಗುವ ಊರು ಇದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ವೇಟರ್ ಬಂದು ನನ್ನ ಹಣೆಯ ಗಂಧ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಮರಾಠಿಯಲ್ಲಿ, "ಕಾಕಾ, ಸ್ಟೇಕ್ ಜೈನ್ ಮಿಳೇಲ್" ಎಂದ. ಜೈನ ಸ್ಟೇಕು ಸಿಗುತ್ತದೆ ಎಂದು ಅದರ ಅರ್ಥ. ಬಟಾಟೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ಎಂದು ಅವನೇ ಬೆರಳು ಮಡಚಿ ಹೇಳಿದ. ಜಪಾನಿ ಅನ್ನದ ಉರುಳೆಗೆ ಸುತ್ತುವ ಸಮುದ್ರದ ಪಾಚಿಯೂ ನಮಗೆ ಬೇಡವೆಂದು ಸೌತೆಕಾಯಿಯ ತೆಳ್ಳನೆ ಪದರು ಸುತ್ತುತ್ತಾರಂತೆ. ಪಕ್ಕದಲ್ಲಿಡುವ ಗುಲಾಬಿ ಬಣ್ಣದ ಹಸಿಶುಂಠಿಯ ಜಾಗದಲ್ಲಿ ದೊಣ್ಣಮೆಣಸಿನಕಾಯಿ ಇಡುತ್ತಾರಂತೆ. ಸ್ಟೇಕಿನಿಂದ ದನವನ್ನು ಆಗಲೇ ತೆಗೆದಾಗಿತ್ತು. ಈಗ ಜಪಾನಿನಿಂದ ಸಮುದ್ರವೂ ಹೋಯಿತು. ಇನ್ನು ರುಚಿ ಎಲ್ಲಿಂದ ಬರಬೇಕು ಎಂದು ನನಗೆ ತುಂಬಾ ಸಂತೋಷವಾಯಿತು.

ಆದರೆ ಅದು ರುಚಿಯಾಗಿತ್ತು. ಕಾದ ಕಬ್ಬಿಣದ ಹಂಚಿನ ಮೇಲೆ ಪನೀರಿನ ಹಲಗೆಯೊಂದು ಚುಂಯ್ ಎಂದು ಹೊಗೆಯೆಬ್ಬಿಸಿಕೊಂಡು ಬಂತು. ಮೊದಲ ತುತ್ತಿಗೇ ಕಣ್ಣು ಮುಚ್ಚಿದೆ. ಅನ್ನದ ಉರುಳೆಗಳಂತೂ ಬಾಯಲ್ಲಿಟ್ಟರೆ ಹುಳಿ, ಸಿಹಿ, ತಂಪು. ಕಡ್ಡಿ ಹಿಡಿಯಲು ಬಾರದೆ ಕೈಯಿಂದಲೇ ತಿಂದೆ. ಡ್ರಿಂಕ್ಸ್ ಎರಡು ಗ್ಲಾಸು ಬಂದವು. ಒಂದನ್ನು ನನ್ನ ಮುಂದೆ ಇಟ್ಟ ವೇಟರ್ ಇನ್ನೊಂದನ್ನು ಎದುರಿನ ಖಾಲಿ ಕುರ್ಚಿಯ ಮುಂದಿಟ್ಟು ಹೋದ. ಆ ಕುರ್ಚಿಯಲ್ಲಿ ಯಾರು ಕೂರಬೇಕಿತ್ತೆಂದು ನನಗೂ ಗೊತ್ತಿತ್ತು, ಕುರ್ಚಿಗೂ ಗೊತ್ತಿತ್ತು. ಗ್ಲಾಸನ್ನು ಇತ್ತ ಎಳೆದುಕೊಂಡು ಅದನ್ನೂ ಕುಡಿದೆ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಮೂಗರಳಿಸಿದಳು. "ಏನೋ ಸುಕ್ಯಾ, ಮೈಯೆಲ್ಲಾ ಸುಟ್ಟ ವಾಸನಿ?"

ಹಂಚಿನ ಹೊಗೆ ಅಂಗಿಗೆ ಹತ್ತಿತ್ತು. "ಅದು... ಕುಟ್ಟೂ ಮಶೀನ್ ಕಾದು ಮೆಣಸಿನಕಾಯಿ ಹೊತ್ತಿದ್ವು" ಎಂದೆ.

"ಅಯ್ಯ, ಬೆಂಕಿ ಬಿದ್ದಿತ್ತೇನೋ? ಕೈ ತೋರಿಸು. ಆ ಕೈ ತೋರಿಸು. ಎಲ್ಲೆರ ಸುಟ್ಟೈತೇನು? ಯಾಕ ಹಂಗ ನಿಂತೀದಿ, ಕುಂದ್ರು ಇಲ್ಲಿ!" ಎಂದು ನನ್ನ ಎರಡೂ ಅಂಗೈಗಳನ್ನು ದೀಪದ ಕೆಳಗೆ ಹಿಡಿದು ತಿರುವಿ ತಿರುವಿ ನೋಡತೊಡಗಿದಳು. ಕಣ್ಣು ಸರಿಯಾಗಿ ಕಾಣದ್ದಕ್ಕೆ ಬೆರಳಿನಿಂದ ತಡವಿ, ಗುಳ್ಳೆ ಎದ್ದಿದೆಯೋ ಎಂದು ಹುಡುಕುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸ್ಟೇಕ್ ತಿಂದು ಬಂದೇನಿ ಅಕ್ಕಾ" ಎಂದೆ. "ಜಪಾನಿ ಊಟಾನೂ. ಎರಡೂ ಡ್ರಿಂಕ್ಸೂ."

ಅವಳು ನನ್ನ ಕೈ ಬಿಡಲಿಲ್ಲ. ಹಿಡಿದುಕೊಂಡೇ ಕೇಳಿದಳು: "ಹೆಂಗಿತ್ತು?"

"ಭಾಳ ಛಲೋ ಇತ್ತು."

ಅವಳು ಕೈ ಬಿಟ್ಟು ಹಣೆ ಹಣೆ ಬಡಿದುಕೊಂಡಳು. "ಹುಚ್ಚಪ್ಯಾಲಿ! ಮೆಣಸಿನಕಾಯಿ ಹೊತ್ತಿದ್ವು ಅಂತ ಸುಳ್ಳು ಹೇಳಾಕ ಬರತೈತಿ. ಛಲೋ ಇದ್ದಿದ್ದಿಲ್ಲ ಅಂತ ಒಂದು ಸುಳ್ಳು ಹೇಳಾಕ ಬರಲಿಲ್ಲೇನೋ ನಿನಗ?"

ಹೇಳಬೇಕೆಂದೇ ಹೋದ ಮಾತು ಅದು. ಹೊಟ್ಟೆ ತುಂಬಿದ ಮೇಲೆ ಮರೆತೇ ಹೋಗಿತ್ತು.

ಅವಳು ಮುನಿಸಿಕೊಂಡು ಮಾತು ಬಿಟ್ಟಿದ್ದರೆ ಬದುಕಿಕೊಳ್ಳುತ್ತಿದ್ದೆ. ಆದರೆ ಅವಳು ಮಾತು ಹೆಚ್ಚು ಮಾಡಿದಳು. ಜೋಳದ ರೊಟ್ಟಿ ತಟ್ಟುತ್ತಾ, "ಆ ಉರುಳಿ ಎಷ್ಟು ದಪ್ಪ ಇತ್ತು? ಒಳಗ ಏನು ತುಂಬಿದ್ರು?" ಎಂದು ಕೇಳುವಳು. ನಾನು ಹೇಳಬೇಕು. ಹೇಳಿದರೆ ಬಾಯಲ್ಲಿ ನೀರು ಬರುವುದು ನನಗೇ. ಆದರೂ ಅವಳು ತನ್ನ ನೇಮವನ್ನು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ. ನನ್ನ ಹುಟ್ಟಿದ ದಿನ ಬಂದು ಹೋಯಿತು. ಆ ಸಂಜೆ ಮನೆಯಲ್ಲಿ ಹೆಸರುಬೇಳೆ ಪಾಯಸ ಉಂಡೆವು. ಮಿರಜಿಗೆ ಹೋಗುವಾಗ ಈಗ ಅವಳು ರಿಕ್ಷಾದ ಬಲಬದಿಗೆ ಕೂರತೊಡಗಿದ್ದಳು. ಅದನ್ನು ಕಂಡ ದಿನ ನಾನು ಬಸದಿಗೆ ಹೋಗಬೇಕಿತ್ತು. ಹೋಗಲು ಧೈರ್ಯ ಬಂದದ್ದು ಚಾತುರ್ಮಾಸ ಮುಗಿದು ಮಹಾರಾಜರು ಊರು ಬಿಡುವ ದಿನ.

ಮಾವಿನಹಣ್ಣಿನಿಂದಲೇ ಶುರುಮಾಡಿ ಎಲ್ಲವನ್ನೂ ಒಪ್ಪಿಸಿದೆ. ಅವರು ಕೇಳಿ ಮುಗಿಸಿ, "ಈಗ ರುಚಿ ಗೊತ್ತಾತಲ್ಲ. ಇವತ್ತಿನಿಂದ ನಾಲ್ಕು ತಿಂಗಳು ಬಿಡು" ಎಂದು ಹೊರಟುಬಿಟ್ಟರು.

ಹಾಗಾಗಿ ಅಕ್ಕನ ನೇಮ ಮುಗಿದ ದಿನವೇ ನನ್ನದು ಶುರುವಾಯಿತು. ಮನೆಗೆ ಬಂದು ಹೇಳಿದೆ: "ಅಕ್ಕಾ, ನಡಿ, ಮಿರಜಿಗೆ ಹೋಗೂಣು."

"ನೀ ತಿನ್ನಂಗಿಲ್ಲಲ್ಲೋ."

"ನೀ ತಿನ್ನು. ನಾ ನೋಡ್ತೇನಿ."

"ನೋಡಿದ್ರ ಹೊಟ್ಟಿ ತುಂಬತೈತೇನು?"

"ತುಂಬಂಗಿಲ್ಲ. ಅದಕ್ಕ ಬರಾಕತ್ತೇನಿ."

ಅವಳು ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟಳು. ನಾಲ್ಕು ಗಂಟೆಗೇ ಹೋಗಿ ಕುಳಿತೆವು. ಆ ವಾರ ತಟ್ಟೆಗಳಿಗೂ ಒಂದಕ್ಕೊಂದು ಫ್ರೀ ಇತ್ತು. ಒಂದು ಹಂಚು ಅವಳ ಮುಂದೆ ಬಂತು, ಇನ್ನೊಂದು ನನ್ನ ಮುಂದೆ ಬಂದು ನನ್ನ ಮುಖಕ್ಕೇ ಚುಂಯ್ ಎಂದಿತು. ನಾನು ನೀರು ಕುಡಿದೆ. ಅಕ್ಕ ಕಡ್ಡಿಗಳನ್ನು ಹಿಡಿದಳು. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ತಮ್ಮ ಕಡ್ಡಿ ಕೆಳಗಿಟ್ಟು ಅವಳ ಕೈ ನೋಡುವಂತೆ ಹಿಡಿದಳು. ಉರುಳೆ ಎತ್ತಿ ಬಾಯಲ್ಲಿಟ್ಟು ನಿಧಾನವಾಗಿ ಅಗಿದಳು. ಪನೀರು ಕತ್ತರಿಸಿದಳು. ಕೋಕಂ ಸೋಡಾ ಹೀರಿದಳು. ಕಿಟಕಿಯ ಇಳಿಬಿಸಿಲು ಅವಳ ಮುಖದ ಮೇಲೆ ಬಿದ್ದಿತ್ತು. ಆ ಮುಖ ನೋಡಿದರೆ ಸಾಕಿತ್ತು, ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಜೊಲ್ಲು ನುಂಗಿಕೊಂಡು ಕೇಳಿದೆ:

"ಹೆಂಗೈತಿ ಅಕ್ಕಾ?"

ಅವಳು ನನ್ನನ್ನೊಮ್ಮೆ, ನನ್ನ ಮುಂದಿನ ಹಂಚನ್ನೊಮ್ಮೆ ನೋಡಿದಳು.

"ಏನೂ ಛಲೋ ಇಲ್ಲೋ ತಮ್ಮಾ. ನೀ ಏನೂ ಕಳಕೊಂಡಿಲ್ಲ" ಎಂದು ನನ್ನ ಹಂಚನ್ನೂ ತನ್ನತ್ತ ಎಳೆದುಕೊಂಡಳು.