ಅತ್ತೆಯ ಕಾಲಿಗೆ ಸಿಗದ ಮನೆ

ಮನೆ ಕಟ್ಟಿ ನೋಡು ಅಂದ ಹಿರಿಯರು ಕಟ್ಟಿದ್ದನ್ನು ಒಡೆದು ನೋಡು ಅನ್ನಲಿಲ್ಲ. ಅಂದಿದ್ದರೆ ನಾನು ಒಂದಿಷ್ಟು ಹೆದರುತ್ತಿದ್ದೆನೋ ಏನೋ. ಜಮಖಂಡಿಯ ಗುಡ್ಡದ ಇಳಿಜಾರಿನಲ್ಲಿ ನನ್ನ ಅಜ್ಜ ಕಟ್ಟಿಸಿದ ಕಲ್ಲಿನ ಮನೆ ನಮ್ಮದು. ದಪ್ಪ ಗೋಡೆ, ಮಣ್ಣಿನ ಮಾಳಿಗೆ, ತಲೆ ಬಗ್ಗಿಸದೆ ಯಾರನ್ನೂ ಒಳಗೆ ಬಿಡದ ಬಾಗಿಲುಗಳು. ನಾನು, ನನ್ನ ಹೆಂಡತಿ ಇಬ್ಬರೂ ಹೈಸ್ಕೂಲಿನಲ್ಲಿ ಪಾಠ ಮಾಡುವವರು. ಒಂದು ರವಿವಾರ ಫೋನಿನಲ್ಲಿ ಯಾವುದೋ ಹಿಮದ ನಾಡಿನವರು ಬೆಟ್ಟದ ಮೇಲಿನ ಹಳೆಯ ಕಟ್ಟಿಗೆ ಮನೆಯನ್ನು ಅರಮನೆ ಮಾಡಿಕೊಂಡ ವಿಡಿಯೋ ನೋಡಿದೆವು. ಒಳಗೆ ಅಡ್ಡಗೋಡೆ ಒಂದೂ ಇಲ್ಲ, ಹೊರಗೋಡೆಯೆಲ್ಲ ಗಾಜು, ಗಾಜಿನಾಚೆ ಹಿಮ. ನಮ್ಮದೂ ಗುಡ್ಡ, ನಮ್ಮದೂ ಹಳೆಯ ಮನೆ. ಹಿಮ ಒಂದೇ ಕಡಿಮೆ ಅನ್ನಿಸಿತು.

ನಮ್ಮ ಜೊತೆಗಿದ್ದವಳು ನನ್ನ ತಂದೆಯ ಅಕ್ಕ, ನನ್ನ ಸೋದರತ್ತೆ. ಗಂಡ ಬೇಗ ತೀರಿಕೊಂಡ ಮೇಲೆ ತವರಿಗೆ ಬಂದವಳು, ನನ್ನನ್ನು ಎತ್ತಿ ಆಡಿಸಿದವಳು. ಅವಳ ಕಣ್ಣು ಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ. ಇದನ್ನು ಮೊದಲೇ ಹೇಳಬೇಕಿತ್ತು, ಆದರೆ ನಮಗೇ ಅದು ನೆನಪಿರುತ್ತಿರಲಿಲ್ಲ. ಬಲಗೈ ಗೋಡೆಗೆ ತಾಗಿಸಿಕೊಂಡು ಹೊರಟಳೆಂದರೆ ಕಂಬ ಸಿಗುತ್ತಿತ್ತು, ಕಂಬದಾಚೆ ಹೊಸ್ತಿಲು, ಹೊಸ್ತಿಲು ದಾಟಿ ಒಂದು ಮೆಟ್ಟಿಲು ಇಳಿದರೆ ಅಡುಗೆಮನೆ. ಬೀಗರು ಬಂದು ಚಹಾ ಕುಡಿದು ಹೋದರೂ ಈಕೆಗೆ ಕಣ್ಣಿಲ್ಲ ಅನ್ನುವುದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಬೆಳಗಾವಿಯಿಂದ ಬಂದ ಎಂಜಿನಿಯರ್ ಅಳತೆ ಹಿಡಿಯುವಾಗ ಎರಡು ಸಲ ಬಾಗಿಲಿಗೆ ಹಣೆ ಹೊಡೆದುಕೊಂಡ. ಕಣ್ಣಿದ್ದವರೇ ತಲೆ ಹೊಡೆದುಕೊಳ್ಳುತ್ತಾರೆ ಎಂದು ಅತ್ತೆ ಅವನಿಗೆ ಅರಿಷಿಣ ಕಲಸಿಕೊಟ್ಟಳು. ಅವನು ಅದೇ ಸಿಟ್ಟಿಗೋ ಏನೋ, ಬಾಗಿಲುಗಳನ್ನೂ ಅವುಗಳ ಜೊತೆಗೆ ಗೋಡೆಗಳನ್ನೂ ತೆಗೆಯುವ ನಕ್ಷೆ ಬರೆದುಕೊಟ್ಟ. ನಾವು ಕುಣಿದಾಡಿದೆವು.

ಕೆಲಸ ಮುಗಿಯುವ ತನಕ ಧೂಳು ಬೇಡ ಎಂದು ಅತ್ತೆಯನ್ನು ಗಲಗಲಿಯ ನನ್ನ ಕಾಕಾನ ಮನೆಗೆ ಕಳಿಸಿದೆವು. ನಾವಿಬ್ಬರು ಊರೊಳಗೆ ಬಾಡಿಗೆ ಕೋಣೆ ಹಿಡಿದೆವು. ಗೋಡೆ ಕೆಲಸಕ್ಕೆ ಬನಹಟ್ಟಿಯಿಂದ ಬಂದ ಗೌಂಡಿ ಅಡ್ಡಗೋಡೆ ಬಿದ್ದ ಜಾಗ ನೋಡಿ, ಇದರಲ್ಲಿ ಲಗ್ನದ ಪಂಕ್ತಿ ಕೂರಿಸಬಹುದು ಅಂದ. ನಾನು ಅದನ್ನು ಹೊಗಳಿಕೆ ಅಂದುಕೊಂಡೆ. ಪಡುವಣ ಗೋಡೆಗೆ ನೆಲದಿಂದ ಮೇಲಿನವರೆಗೆ ಗಾಜು ಕೂತಿತು. ಏಪ್ರಿಲ್ ತಿಂಗಳ ಮೂರು ಗಂಟೆಯ ಬಿಸಿಲು ಅದರೊಳಗಿಂದ ಬಂದಾಗ, ಹಿಮದ ನಾಡಿನವರಿಗೆ ಗಾಜು ಯಾಕೆ ಬೇಕಿತ್ತು ಅನ್ನುವುದು ತಿಳಿಯಿತು. ನಮಗೆ ಬೇಕಾದದ್ದು ದಪ್ಪ ಪರದೆ. ತಂದು ಇಳಿಬಿಟ್ಟೆವು, ಈಗ ಗುಡ್ಡ ಕಾಣುವುದಿಲ್ಲ. ನಡುಮನೆಯಲ್ಲಿ ಸೊಂಟದೆತ್ತರದ ಗ್ರಾನೈಟ್ ಕಟ್ಟೆಯ ಅಡುಗೆಮನೆಯಾಯಿತು. ನಿಂತು ಬಡಿದರೆ ರೊಟ್ಟಿಯ ಮೇಲೆ ಕೈಭಾರ ಬೀಳುವುದಿಲ್ಲ ಎಂದು ನನ್ನ ಹೆಂಡತಿ ಅದರ ಹಿಂದೆ ನೆಲಕ್ಕೆ ಕೂತು ಬಡಿಯುತ್ತಾಳೆ. ಬಂದವರಿಗೆ ಸಪ್ಪಳ ಕೇಳುತ್ತದೆ, ಮನುಷ್ಯರು ಕಾಣುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಅತ್ತೆಯನ್ನು ಕರೆತಂದೆವು. ಗಲಗಲಿಯಿಂದ ದಾರಿಯುದ್ದಕ್ಕೂ ನಾನು ಮನೆಯನ್ನು ವರ್ಣಿಸಿದೆ. ಬಾಗಿಲು ಈಗ ಎತ್ತರವಾಗಿದೆ ಎಂದು ಹೇಳಿದ್ದರೂ ಅವಳು ತಲೆ ಬಗ್ಗಿಸಿಯೇ ಒಳಗೆ ಬಂದಳು. ಮೂರು ಹೆಜ್ಜೆ ಇಟ್ಟು ಬಲಗೈ ಚಾಚಿದಳು. ಅಲ್ಲಿ ಏನೂ ಇರಲಿಲ್ಲ. ಇನ್ನೆರಡು ಹೆಜ್ಜೆ ಹಾಕಿದಳು, ಎಡಗೈಯನ್ನೂ ಚಾಚಿದಳು. ಕಾಲಡಿಯ ಟೈಲ್ಸು ಎಲ್ಲ ಕಡೆಗೂ ಒಂದೇ ಸಮ ನುಣುಪು. ಬಯಲಾಗಿದ್ದ ಪಡಸಾಲೆಯ ನಡುವೆ ನಿಂತುಬಿಟ್ಟಳು.

"ತಮ್ಮಾ, ಮನಿ ಎಲ್ಲೈತೋ?" ಅಂದಳು.

"ಇದ ಮನಿ ಬೇ. ಒಳಗ ನಿಂತಿ ನೀ."

"ಒಳಗ ಅನ್ನಾಕ ಕೈಗೆ ಏನರ ಸಿಗಬೇಕಲ್ಲೋ."

ನನ್ನ ಹೆಂಡತಿ ನನ್ನ ಮುಖ ನೋಡಿದಳು. ಹತ್ತು ತಿಂಗಳು ನಲ್ಲಿಯ ಬಣ್ಣಕ್ಕೆ ಜಗಳವಾಡಿದ ನಮ್ಮಿಬ್ಬರಲ್ಲಿ ಒಬ್ಬರಿಗೂ ಇದು ಹೊಳೆದಿರಲಿಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಂದಿನಿಂದ ಅತ್ತೆ ಮಂಚ ಹಿಡಿದಳು. ಗೋಡೆ ಉಳಿದದ್ದು ಅವಳ ಕೋಣೆಗೊಂದೇ. ಬಚ್ಚಲಿಗೆ ಹೋಗಬೇಕೆಂದರೆ ಯಾರಾದರೂ ಕೈ ಹಿಡಿಯಬೇಕು. ಹಗಲು ನಾವಿಲ್ಲದಾಗ ಅದಕ್ಕೆಂದೇ ಒಬ್ಬ ಕೆಲಸದವಳನ್ನು ಇಟ್ಟೆವು. ಬಾಯಿ ಮಾತ್ರ ಹಾಗೇ ಇತ್ತು. ಇಷ್ಟು ಅಗಲದ ಮನೆಗೆ ನಂಬರು ಹಾಕಿ ಒಂದು ಬಸ್ಸು ಬಿಡಿಸು ಅನ್ನುತ್ತಿದ್ದಳು, ನಾವು ನಗುತ್ತಿದ್ದೆವು. ಎಂಟು ದಿನಕ್ಕೆ ನನ್ನ ಹೆಂಡತಿಗೆ ಅನುಮಾನ ಬಂತು. ಸಾಲೆಗೆ ಹೋಗುವಾಗ ತುಂಬಿಟ್ಟ ತಂಬಿಗೆ ಸಂಜೆಗೂ ತುಂಬಿಯೇ ಇರುತ್ತಿತ್ತು. ಕೆಲಸದವಳನ್ನು ಬಚ್ಚಲಿಗೆಂದು ಕರೆಯಬೇಕಾದೀತೆಂದು ಅತ್ತೆ ಹಗಲೆಲ್ಲ ನೀರನ್ನೇ ಕುಡಿಯುತ್ತಿರಲಿಲ್ಲ. ಆಮೇಲೆ ನಮಗೆ ನಗು ಬರಲಿಲ್ಲ.

ಉಪಾಯ ಹೇಳಿದವನು ಗೌಂಡಿ. ಹಳೆಯ ನೆಲದ ಒರಟು ಪರಸಿ ಕಲ್ಲುಗಳು ಹಿತ್ತಲಲ್ಲಿ ಬಿದ್ದಿದ್ದವು. ಟೈಲ್ಸು ಕಿತ್ತು, ಮೊಳದಗಲಕ್ಕೆ ಅವನ್ನು ಸಾಲಾಗಿ ಕೂಡಿಸಿದರೆ ಬರಿಗಾಲಿಗೆ ದಾರಿ ತಿಳಿಯುತ್ತದೆ ಅಂದ. ಹಾಗೇ ಮಾಡಿಸಿದೆವು: ಮಂಚದಿಂದ ಬಚ್ಚಲಿಗೊಂದು, ಊಟದ ಜಾಗಕ್ಕೊಂದು, ದೇವರ ಜಗುಲಿಗೊಂದು. ಎಂಜಿನಿಯರ್ ಫೋನಿನಲ್ಲಿ ಮೊದಲು ಮುನಿಸಿಕೊಂಡ. ಆಮೇಲೆ ಬಂದು ನೋಡಿ ಫೋಟೋ ತೆಗೆದುಕೊಂಡು ಹೋದ.

ಸಿಮೆಂಟು ಒಣಗಿದ ದಿನ ಅತ್ತೆ ಮಂಚ ಇಳಿದು ಕಲ್ಲಿನ ಮೇಲೆ ಕಾಲಿಟ್ಟಳು. ಗೋಡೆಯಿಲ್ಲದೆ, ಯಾರ ಕೈಯೂ ಇಲ್ಲದೆ ನಡೆದಳು. ನನ್ನ ಎದೆ ಉಬ್ಬಿತು, ಫೋನು ತೆಗೆದು ವಿಡಿಯೋ ಮಾಡತೊಡಗಿದೆ. ಅವಳು ಬಚ್ಚಲಿಗೆ ಹೋಗಿ ಬಂದಳು, ಊಟದ ಜಾಗಕ್ಕೆ ಹೋಗಿ ಬಂದಳು, ದೇವರಿಗೆ ಕೈ ಮುಗಿದಳು. ಅಲ್ಲಿಂದ ಒಂದು ಪಾದ ಮುಂದಿಟ್ಟು ಸುತ್ತಲೂ ತಡವಿದಳು. ಬರೀ ಟೈಲ್ಸು.

"ಇಷ್ಟ ಏನೋ?"

ಇನ್ನೇನು ಬೇಕು ಎಂದು ಕೇಳಿದೆ.

"ಬಚ್ಚಲಾ, ತಾಟ, ದೇವರು. ಇಷ್ಟಕ್ಕ ಅಷ್ಟ ಇಟ್ಗೊಂಡೀಯೇನು ನನ್ನ? ಹೊರಗಿನ ಕಟ್ಟಿಗೆ ಹೋಗೂ ದಾರಿ ಎಲ್ಲೈತಿ?"

ಮುಂಬಾಗಿಲಾಚೆಯ ಆ ಕಟ್ಟೆಯ ಮೇಲೆ ದಿನಾ ಇಳಿಹೊತ್ತಿಗೆ ಓಣಿಯ ಹೆಂಗಸರು ಕೂಡುತ್ತಿದ್ದರು. ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡಳು, ಎಲ್ಲ ಸುದ್ದಿ ಮೊದಲು ಗೊತ್ತಾಗುತ್ತಿದ್ದದ್ದು ನಮ್ಮ ಅತ್ತೆಗೆ. ಹೆತ್ತ ತಾಯಿಯಷ್ಟೇ ಹತ್ತಿರದವಳು ಅನ್ನುತ್ತಿದ್ದ ನಾನು ಅವಳಿಗೆ ಬೇಕಾದ ಜಾಗಗಳನ್ನು ಬೆರಳು ಮಡಚಿ ಲೆಕ್ಕ ಹಾಕಿದ್ದೆ, ಮೂರಕ್ಕೇ ನಿಲ್ಲಿಸಿದ್ದೆ. ಫೋನು ಜೇಬಿಗೆ ಹಾಕಿಕೊಂಡು ಗೌಂಡಿಯನ್ನು ಮತ್ತೆ ಕರೆಸಿದೆ.

ಈ ಸಲ ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಪ್ರತಿ ಕಲ್ಲನ್ನೂ ಪಾದದಿಂದ ಒತ್ತಿ ನೋಡಿಯೇ ಕೂಡಿಸಲು ಬಿಟ್ಟಳು. ದಾರಿ ಮುಗಿದ ಮೇಲೆ ಒಂದು ಇಳಿಹೊತ್ತು ಹೊರಗೆ ಬಂದು ಕಟ್ಟೆಯ ಮೇಲೆ ಕೂತು, ಸೆರಗು ಸರಿಮಾಡಿಕೊಂಡಳು. ಆಗಲೇ ನಾಲ್ಕು ಜನ ಸೇರಿದ್ದರು. ನಾನು ಬಾಗಿಲಲ್ಲೇ ನಿಂತಿದ್ದೆ. ನನ್ನ ಉಸಿರು ಕೇಳಿಸಿತೋ ಏನೋ, ಇತ್ತ ತಿರುಗಿದಳು.

"ನೀ ಒಳಗ ಹೋಗ ತಮ್ಮಾ. ನಿನ್ನ ಮನಿ ಸುದ್ದಿ ಹೇಳೂದೈತಿ ಇವರಿಗೆ."